ಗುಬ್ಬಿಯ ಯುಕುಲೆಲೆಗೆ ಪಿಕಪ್ ಕೂರಿಸಿದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಒಡಹುಟ್ಟಿದ ತಂಗಿಯನ್ನು ವೇದಿಕೆಯ ಮೂಲೆಯಲ್ಲಿ ಹೂದಾನಿಯ ಹಾಗೆ ನಿಲ್ಲಿಸಿದ್ದನ್ನು ವರ್ಷಗಟ್ಟಲೆ ನೋಡಿದ ಮೇಲೂ ತಣ್ಣಗೆ ಕೂರುವವರು ಯಾರಾದರೂ ಇದ್ದರೆ ಅವರಿಗೊಂದು ದೊಡ್ಡ ನಮಸ್ಕಾರ. ನನ್ನ ಕೈಲಿ ಆಗುವುದಿಲ್ಲ.

ತಂಗಿಗೆ ಮನೆಯಲ್ಲಿ ಗುಬ್ಬಿ ಎಂದೇ ಹೆಸರು. ಮೈ ಸಣ್ಣದು, ದನಿ ಇನ್ನೂ ಸಣ್ಣದು. ಅವಳ ಗಂಡ ಹಾಡಿನ ತಂಡ ಕಟ್ಟಿಕೊಂಡು ಹಾಲ್‌ನಿಂದ ಹಾಲ್‌ಗೆ ಕಾರ್ಯಕ್ರಮ ಕೊಡುತ್ತಾನೆ. ಎಲ್ಲರೂ ಅವನನ್ನು ಮಾಸ್ಟರ್ ಅನ್ನುತ್ತಾರೆ, ಎದುರಿಗೆ ನಾನೂ ಹಾಗೇ ಅನ್ನುತ್ತೇನೆ. ವೇದಿಕೆಯ ನಡುವೆ ಗಿಟಾರ್ ನೇತುಹಾಕಿಕೊಂಡು ಮಾಸ್ಟರ್, ಹಿಂದೆ ಡ್ರಮ್ಮಿನವನು, ಪಕ್ಕದಲ್ಲಿ ಕೀಬೋರ್ಡಿನವನು. ಇನ್ನೇನು ಪರದೆಗೆ ಬೆನ್ನು ತಾಗಬೇಕು ಅನ್ನುವಲ್ಲಿ ಗುಬ್ಬಿ, ಅವಳ ಕೈಯಲ್ಲಿ ಯುಕುಲೆಲೆ. ನಾಲ್ಕೇ ತಂತಿಯ ವಾದ್ಯ ಅದು. ನಮ್ಮಮ್ಮ ಅದನ್ನು ಮೊದಲ ಸಲ ನೋಡಿದಾಗ, "ಇದೇನೇ, ಗಿಟಾರು ಮರಿ ಹಾಕಿದ್ಯಾ?" ಎಂದು ಕೇಳಿದ್ದಳು. ಉಳಿದವರಿಗೆಲ್ಲ ಮೈಕೋ ಕೇಬಲ್ಲೋ ಏನೋ ಒಂದು ಇತ್ತು. ಗುಬ್ಬಿಗೆ ಏನೂ ಇರಲಿಲ್ಲ. ಅವಳ ಬಲಗೈ ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು, ಮುಂದಿನ ಸಾಲಿನಲ್ಲಿ ಕೂತರೂ ಒಂದೇ ಒಂದು ಸ್ವರ ಕೇಳಿಸುತ್ತಿರಲಿಲ್ಲ.

ಅವಳಿಗೆ ನುಡಿಸಲು ಬರುವುದಿಲ್ಲವೇನೋ ಎಂದು ಯಾರಾದರೂ ಅಂದುಕೊಂಡರೆ ಬಂದು ನನ್ನ ಹತ್ತಿರ ಮಾತಾಡಲಿ. ಒಲೆಯ ಮೇಲೆ ನೀರು ಕಾಯಲು ಇಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಅವಳು ನುಡಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನೀರು ಕುದಿದು ಅರ್ಧ ಆಗಿ ಹೋದರೂ ಇಬ್ಬರಿಗೂ ಎಚ್ಚರ ಇರುತ್ತಿರಲಿಲ್ಲ. ಅಂಥ ಕೈ ಅವಳದು. ಆ ಕೈಯನ್ನು ಮೂಲೆಗೆ ತಳ್ಳಿದ್ದಾನಲ್ಲ ಎಂದು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಫ್ಯಾನು, ಇಸ್ತ್ರಿಪೆಟ್ಟಿಗೆ, ಹಳೇ ರೇಡಿಯೋ ರಿಪೇರಿ ಮಾಡುವುದು ನನ್ನ ಕಸುಬು. ಒಂದು ಭಾನುವಾರ ಅವರ ಇಸ್ತ್ರಿಪೆಟ್ಟಿಗೆಗೆ ಹೊಸ ವೈರು ಹಾಕಿ ಕೊಡಲು ಹೋದರೆ ಅವರ ಮನೆಯ ಮುಂದಿನ ಕೋಣೆಯಲ್ಲಿ ತಂಡದ ಅಭ್ಯಾಸ ನಡೆದಿತ್ತು. ಗುಬ್ಬಿ ಟ್ರೇಯಲ್ಲಿ ಟೀ ತಂದು ಒಬ್ಬೊಬ್ಬರ ಕೈಗೆ ಕೊಡುತ್ತಿದ್ದಳು. ಅವಳು ಎದುರಿಗೆ ನಿಂತಿರುವಾಗಲೇ ಮಾಸ್ಟರ್ ಉಳಿದವರಿಗೆ ಹೇಳಿದ: "ಈ ಕ್ಲಬ್ ಪ್ರೋಗ್ರಾಮ್ ಒಂದು ಮುಗೀಲಿ. ಆಮೇಲೆ ಇವಳು ಬೇಡ. ಸ್ಟೇಜ್ ಮೇಲೆ ಜಾಗಾನೂ ಸಾಲಲ್ಲ. ಹೇಗಿದ್ರೂ ಇವಳದ್ದು ಕೇಳ್ಸಲ್ಲ, ಇದ್ರೂ ಒಂದೇ ಇಲ್ದಿದ್ರೂ ಒಂದೇ."

ಗುಬ್ಬಿ ಅವನ ಕೈಗೇ ಕಪ್ಪು ಕೊಡುತ್ತಿದ್ದಳು. ಕೊಟ್ಟಳು. ಒಂದು ಹನಿಯೂ ತುಳುಕಲಿಲ್ಲ. ನಾನಾಗಿದ್ದರೆ ಆ ಟೀ ಎಲ್ಲಿಗೆ ಹೋಗುತ್ತಿತ್ತೋ ಹೇಳುವುದು ಬೇಡ.

"ಏನ್ ಮಾಸ್ಟರ್, ಕೇಳ್ಸಲ್ಲ ಅಂದ್ರೆ?" ಬಾಗಿಲಲ್ಲೇ ನಿಂತು ಕೇಳಿದೆ. "ಕೇಳಿಸೋ ಹಾಗೆ ಏನಾದ್ರೂ ಕೊಟ್ಟಿದ್ದೀರಾ ಅವಳಿಗೆ? ಒಂದು ಮೈಕು? ಒಂದು ವೈರಿನ ತುಂಡು?"

"ಬನ್ನಿ ದೊಡ್ಡಕ್ಕಾ, ಬನ್ನಿ." ಮಾಸ್ಟರ್ ನಕ್ಕ. ಅವನ ನಗು ಬೆಣ್ಣೆ ಹಚ್ಚಿದ ಹಾಗೆ ಇರುತ್ತದೆ. "ಅದರ ಮುಂದೆ ಮೈಕ್ ಇಟ್ರೆ ಡ್ರಮ್ಮಿನ ಸದ್ದೆಲ್ಲ ಅದರೊಳಗೇ ನುಗ್ಗುತ್ತೆ. ನಿಮಗೆ ಇದೆಲ್ಲ ಗೊತ್ತಾಗಲ್ಲ."

"ಗೊತ್ತಾಗ್ದೇ ಏನು? ನಿಮ್ಮ ಗಿಟಾರಿನ ಹೊಟ್ಟೆ ಒಳಗೆ ಸದ್ದು ಹಿಡಿದು ಸ್ಪೀಕರಿಗೆ ಕಳಿಸೋ ಪಿಕಪ್ ಇದ್ಯಲ್ಲ, ಅದೇ ಥರದ್ದು ಇದಕ್ಕೂ ಹಾಕ್ಸಿ."

"ಒಳ್ಳೇದು ಹಾಕ್ಸಿದ್ರೆ ಆ ವಾದ್ಯಕ್ಕಿಂತ ಅದರದ್ದೇ ಖರ್ಚು ಜಾಸ್ತಿ. ಅಗ್ಗದ್ದು ಹಾಕಿದ್ರೆ ಗುಂಯ್ ಅನ್ನುತ್ತೆ ಅಷ್ಟೇ."

"ಅಗ್ಗದ್ದನ್ನೇ ಹಾಕ್ತೀನಿ. ನಾನೇ ಹಾಕ್ತೀನಿ. ಹಾಲ್ ಕೊನೆಗೂ ಕೇಳ್ಬೇಕು, ಹಾಗೆ ಮಾಡ್ತೀನಿ. ಕೇಳಿಸಿದ್ರೆ ಅವಳು ತಂಡದಲ್ಲೇ ಇರ್ತಾಳೆ. ಏನಂತೀರಾ?"

ತಂಡದವರ ಮುಖ ನೋಡಿ ಮತ್ತೆ ನಕ್ಕ. "ಕೇಳಿಸಿದ್ರೆ ಇರ್ಲಿ ಬಿಡಿ. ಯಾರು ಬೇಡ ಅಂದ್ರು?"

"ಅಕ್ಕಾ, ಬಿಡು," ಎಂದಳು ಗುಬ್ಬಿ, ಖಾಲಿ ಟ್ರೇ ಎದೆಗೆ ಒತ್ತಿಕೊಂಡು.

"ನೀನು ಸುಮ್ನಿರು," ಎಂದೆ ನಾನು.

ಮಾರನೆಯ ದಿನವೇ ಪಿಕಪ್ ತಂದೆ. ಅಗ್ಗ ಎಂದರೆ ನಿಜಕ್ಕೂ ಅಗ್ಗ. ಪ್ಲಾಸ್ಟಿಕ್ ಕವರಿನಲ್ಲಿ ಒಂದು ತೆಳು ಹಿತ್ತಾಳೆ ಬಿಲ್ಲೆ, ಅದರ ನಡುವೆ ಬಿಳೀ ಪದರ, ಕೂದಲಿನಷ್ಟು ಸಪೂರ ಎರಡು ವೈರು, ಕೇಬಲ್ ಚುಚ್ಚುವ ಒಂದು ಜ್ಯಾಕು, ಇಷ್ಟೇ. ಇದಕ್ಕೆ ಗಾಳಿಯಲ್ಲಿ ಬರುವ ಸದ್ದು ಬೇಕಾಗಿಲ್ಲ. ಮರಕ್ಕೆ ಅಂಟಿಸಿದರೆ ಮರದ ಅದುರನ್ನು ಹಿಡಿಯುತ್ತದೆ. ಮರ ಅದುರಿದ್ದು ತಂತಿಯಿಂದಲೋ, ಉಗುರು ತಾಗಿದ್ದರಿಂದಲೋ, ಅಂಗಿಯ ಗುಂಡಿ ಉಜ್ಜಿದ್ದರಿಂದಲೋ ಎಂದು ಅದು ಕೇಳುವುದಿಲ್ಲ. ಅದುರಿದ್ದನ್ನೆಲ್ಲ ಒಪ್ಪಿಸುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ, ಆದರೂ ನನ್ನ ಮಂಡೆಗೆ ಹೊಳೆಯಬೇಕಾದ್ದು ಹೊಳೆಯಲಿಲ್ಲ.

ಗುಬ್ಬಿ ಯುಕುಲೆಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಮೇಜಿನ ಮೇಲಿದ್ದ ಫ್ಯಾನಿನ ರೆಕ್ಕೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಹಳೇ ಟವೆಲು ಹಾಸಿದೆ. ಅವಳು ಮಗುವನ್ನು ಮಲಗಿಸಿದ ಹಾಗೆ ಅದನ್ನು ಮಲಗಿಸಿದಳು, ಆದರೆ ಕೈ ಮಾತ್ರ ತೆಗೆಯಲಿಲ್ಲ.

"ಅಕ್ಕಾ, ನಿನಗೊಂದು ಮಾತು ಹೇಳ್ಬೇಕಿತ್ತು."

"ಆಮೇಲೆ ಹೇಳು. ಮೊದಲು ತಂತಿ ಸಡಿಲ ಮಾಡು, ನೀನೇ ಮಾಡು, ನಾನು ಮುಟ್ಟಿದ್ರೆ ಹರಿದುಬಿಡ್ತೀನಿ."

ಅವಳು ಸಡಿಲ ಮಾಡಿದಳು. ನಾನು ಬೆರಳ ಗೆಣ್ಣಿನಿಂದ ಹಲಗೆಯ ಮೇಲೆಲ್ಲ ಮೆಲ್ಲಗೆ ಬಡಿದು ನೋಡುತ್ತಾ ಹೋದೆ. ತಂತಿಗಳನ್ನು ಕಟ್ಟಿರುವ ಪಟ್ಟಿಯ ಕೆಳಗೆ, ಸ್ವಲ್ಪ ಪಕ್ಕಕ್ಕೆ, ಮರ ಚೆನ್ನಾಗಿ ಮಾತಾಡುತ್ತಿತ್ತು. ಬಿಲ್ಲೆಗೆ ಅದೇ ಜಾಗ ಎಂದು ಗೊತ್ತು ಮಾಡಿಕೊಂಡೆ. ಆಮೇಲೆ ಜ್ಯಾಕಿಗೆ ತೂತು. ವಾದ್ಯದ ಬುಡದಲ್ಲಿ, ಒಳಗೆ ಮರದ ದಿಂಡು ಇರುವ ಕಡೆ ಕಾಗದದ ಟೇಪು ಅಂಟಿಸಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಟೇಪು ಇಲ್ಲದಿದ್ದರೆ ಅಂಚಿನ ಪಾಲಿಶ್ ಚಕ್ಕೆ ಎದ್ದುಬಿಡುತ್ತದೆ.

ಡ್ರಿಲ್ಲು ಕೈಗೆ ತೆಗೆದುಕೊಂಡೆನೋ ಇಲ್ಲವೋ, ಗುಬ್ಬಿಯ ಮುಖ ಬಿಳುಚಿಕೊಂಡಿತು. "ತೂತು ಮಾಡ್ಲೇಬೇಕಾ ಅಕ್ಕಾ? ಹೊರಗಡೆಯಿಂದಲೇ ಅಂಟಿಸೋಕೆ ಬರಲ್ವಾ?"

"ಹೊರಗಡೆ ಅಂಟಿಸಿದ್ರೆ ವೈರು ಜೋತಾಡುತ್ತೆ, ಎಲ್ಲಾ ಕಿತ್ತುಕೊಂಡು ಬರುತ್ತೆ. ಆಮೇಲೆ ಆ ನಿನ್ನ ಗಂಡ ಹಲ್ಲು ಕಿಸಿಯೋದನ್ನ ನಾನು ನೋಡ್ಬೇಕಾ?"

"ಅದಲ್ಲ ಅಕ್ಕಾ, ವಿಷಯ ಏನಂದ್ರೆ..."

"ಗಟ್ಟಿಯಾಗಿ ಹಿಡ್ಕೋ. ಮಾತಾಡ್ಬೇಡ, ಕೈ ಅಲ್ಲಾಡುತ್ತೆ."

ಮೊದಲು ಡ್ರಿಲ್ಲಿಗೆ ಸಣ್ಣ ಬಿಟ್ ಹಾಕಿ ಕೊರೆದೆ, ಆಮೇಲೆ ಸ್ವಲ್ಪ ದೊಡ್ಡದು. ಕೊನೆಗೆ ಡ್ರಿಲ್ಲು ಬದಿಗಿಟ್ಟು, ಮೊನಚು ರೀಮರನ್ನು ಕೈಯಿಂದಲೇ ತಿರುಗಿಸಿ ತಿರುಗಿಸಿ ತೂತನ್ನು ಹಿಗ್ಗಿಸಿದೆ. ಸಿಟ್ಟು ಎಷ್ಟೇ ಇರಲಿ, ಮೇಜಿನ ಮುಂದೆ ಕೂತರೆ ನನ್ನ ಕೈ ನಡುಗುವುದಿಲ್ಲ. ನಾಲಿಗೆ ಒಂದೇ ನನ್ನ ಮಾತು ಕೇಳದ್ದು. ಮರದ ಹುಡಿಯೆಲ್ಲ ಗುಬ್ಬಿಯ ಮಡಿಲಿಗೆ ಬಿತ್ತು. ಅವಳು ಅದನ್ನು ಕೊಡವಲಿಲ್ಲ.

ಜ್ಯಾಕನ್ನು ಒಳಗಿನಿಂದ ಹೊರಕ್ಕೆ ತರುವುದು ದೊಡ್ಡ ಗೋಳು. ಯುಕುಲೆಲೆಯ ಬಾಯಿಯಲ್ಲಿ, ಅಂದರೆ ನಡುವಿನ ದುಂಡು ತೂತಿನಲ್ಲಿ, ನನ್ನ ಮೂರು ಬೆರಳೂ ಸರಿಯಾಗಿ ಹೋಗಲಿಲ್ಲ. ಬುಡದ ತೂತಿನಿಂದ ಒಂದು ಗಟ್ಟಿ ತಂತಿ ತೂರಿಸಿ, ಅದನ್ನು ಬಾಯಿಯಿಂದ ಹೊರಗೆಳೆದು, ತುದಿಗೆ ಜ್ಯಾಕು ಕಟ್ಟಿ ಹಿಂದಕ್ಕೆ ಜಗ್ಗಿದೆ. ಎರಡು ಸಲ ಒಳಗೇ ಬಿದ್ದುಹೋಯಿತು. ವಾದ್ಯವನ್ನು ತಲೆಕೆಳಗೆ ಮಾಡಿ ಗಲಗಲ ಅಲ್ಲಾಡಿಸುವಾಗ ಗುಬ್ಬಿಯ ಸಣ್ಣ ಕೈ ನಡುವೆ ಬಂತು. ಅವಳೇ ಬೆರಳು ತೂರಿಸಿ ಬಿಲ್ಲೆಯನ್ನು ನಾನು ಹೇಳಿದ ಜಾಗಕ್ಕೆ ಒತ್ತಿ ಅಂಟಿಸಿದಳು. ಹೊರಗಿನಿಂದ ನಾನು ನಟ್ಟು ಬಿಗಿ ಮಾಡಿದೆ.

ಅಂಗಡಿಯಲ್ಲಿದ್ದ ಹಳೇ ಆಂಪ್ಲಿಫಯರಿಗೆ ಕೇಬಲ್ ಚುಚ್ಚಿದರೆ ಬಂದದ್ದು ಗುಂಯ್ ಎನ್ನುವ ಸದ್ದು. ಮಾಸ್ಟರ್ ಹೇಳಿದ್ದ ಅದೇ ಗುಂಯ್. ನನಗೆ ಪಿತ್ತ ನೆತ್ತಿಗೇರಿತು. ನಟ್ಟು ಬಿಚ್ಚಿ, ಜ್ಯಾಕನ್ನು ಮತ್ತೆ ಬಾಯಿಯಿಂದ ಹೊರತೆಗೆದು ನೋಡಿದರೆ, ಅದನ್ನು ಮಾಡಿದ ಪುಣ್ಯಾತ್ಮ ಎರಡು ವೈರನ್ನೂ ಅದಲು ಬದಲು ಮಾಡಿ ಬೆಸುಗೆ ಹಾಕಿದ್ದ. ಬೈದುಕೊಂಡೇ ಬಿಡಿಸಿದೆ, ಬೈದುಕೊಂಡೇ ಸರಿಯಾಗಿ ಬೆಸೆದೆ, ಮತ್ತೆ ಒಳಗೆ ಕಳಿಸಿ ಬಿಗಿ ಮಾಡಿದೆ. ಈಗ ಸ್ಪೀಕರಿನಲ್ಲಿ ಸದ್ದೇ ಇಲ್ಲ. ಹಲಗೆಗೆ ಉಗುರು ತಾಗಿಸಿದೆ, ಟಕ್ ಎಂದಿತು.

"ಬಂತು! ಕೇಳಿದ್ಯಾ? ತಂತಿ ಬಿಗಿ ಮಾಡು. ನುಡಿಸು."

ಗುಬ್ಬಿ ಶ್ರುತಿ ಕೂಡಿಸಿಕೊಂಡಳು. ಹೊಸದಾಗಿ ಬಿಗಿದ ತಂತಿ ಜಾರುತ್ತಲೇ ಇತ್ತು, ಮತ್ತೆ ಮತ್ತೆ ವಾದ್ಯದ ಕಿವಿ ತಿರುವಿದಳು. ಆಮೇಲೆ ಅಡುಗೆಮನೆಯಲ್ಲಿ ನುಡಿಸುತ್ತಿದ್ದದ್ದನ್ನೇ ನುಡಿಸಿದಳು. ಪಕ್ಕದ ಚಪ್ಪಲಿ ಅಂಗಡಿಯವನು ಹೊರಗೆ ಬಂದು ನಮ್ಮ ಕಡೆ ಇಣುಕಿದ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತರು. ನಾನು ಮಾಸ್ಟರನ ಪೂರ್ವಜರನ್ನೆಲ್ಲ ಒಂದು ಸುತ್ತು ಬೈದೆ. ಗುಬ್ಬಿ ನಕ್ಕಳು. ಅವಳು ನಕ್ಕಾಗ ನಾನು ಬಾಯಿ ಮುಚ್ಚಿಕೊಂಡು, ಅದೇನೇ ನೀನು ಆಗಲೇ ಹೇಳಬೇಕು ಅಂದಿದ್ದು ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ.

ಕ್ಲಬ್ಬಿನ ಹಾಲ್ ದೊಡ್ಡದು. ಕುರ್ಚಿಗಳೆಲ್ಲ ತುಂಬಿ, ಗೋಡೆಯ ಬದಿಯಲ್ಲೂ ಜನ ನಿಂತಿದ್ದರು. ನಾನು ಬೇಕೆಂದೇ ಕೊನೆಯಲ್ಲಿ, ಸೌಂಡಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಎಲ್ಲಾ ಕಾರ್ಯಕ್ರಮಕ್ಕೂ ಸ್ಪೀಕರ್ ಹಾಕುವವನು ಅವನೇ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಗುಂಡಿಗಳು ಸಾಲಾಗಿದ್ದ ಅವನ ಮಿಕ್ಸರಿನಲ್ಲಿ ಒಂದು ಗುಂಡಿಯ ಕೆಳಗೆ ಟೇಪು ಅಂಟಿಸಿ "ಗುಬ್ಬಿ" ಎಂದು ನಾನೇ ಬರೆದೆ.

ಮಾಸ್ಟರ್ ಒಂದು ಎರಡು ಮೂರು ನಾಲ್ಕು ಎಂದು ಎಣಿಸಿದ, ಅವನ ಎಣಿಕೆಯ ವೇಗಕ್ಕೆ ಹಾಡು ಶುರುವಾಯಿತು. ಡ್ರಮ್ಮು ಕೇಳಿಸಿತು, ಕೀಬೋರ್ಡು ಕೇಳಿಸಿತು, ಮಾಸ್ಟರನ ಗಂಟಲಂತೂ ಕೇಳಿಸದೆ ಇರುವ ಹಾಗೇ ಇರಲಿಲ್ಲ. ಯುಕುಲೆಲೆ ಕೇಳಿಸಲಿಲ್ಲ. ಕೇಬಲ್ ಚುಚ್ಚಿದೆ, ಗುಬ್ಬಿಯ ಕೈ ಆಡುತ್ತಿದೆ, ಸದ್ದು ಮಾತ್ರ ಇಲ್ಲ.

"ಏರಿಸಪ್ಪ."

"ಮಾಸ್ಟರ್ ಅದನ್ನ ಕಮ್ಮಿ ಇಡು ಅಂದಿದ್ರು ದೊಡ್ಡಕ್ಕಾ."

"ಮಾಸ್ಟರಿಗೆ ಉತ್ತರ ನಾನು ಕೊಡ್ತೀನಿ. ಏರಿಸು."

ಏರಿಸಿದ. ಏನೋ ಗೊಣಗಿದಂತಾಯಿತು. ಇನ್ನೂ ಏರಿಸು ಅಂದೆ. ಅವನು ಅನುಮಾನಿಸಿದ. ನಾನೇ ಕೈ ಚಾಚಿ ಗುಂಡಿಯನ್ನು ಕೊನೆ ಮುಟ್ಟುವವರೆಗೂ ತಿರುಗಿಸಿಬಿಟ್ಟೆ. ಸರಿಯಾಗಿ ಆ ಗಳಿಗೆಗೇ ಡ್ರಮ್ಮು ನಿಂತು ಹಾಡಿನ ಮೆಲ್ಲನೆಯ ಭಾಗ ಬಂತು.

ಟಪ್. ಟಪ್. ಟಪ್. ಟಪ್.

ಹಾಲ್‌ನ ಎರಡೂ ಬದಿಯ ಸ್ಪೀಕರಿನಿಂದ, ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಬಡಿದ ಹಾಗೆ. ಸ್ವರ ಇಲ್ಲ, ರಾಗ ಇಲ್ಲ, ಬರೀ ಟಪ್ ಟಪ್. ಮುಂದಿನ ಸಾಲಿನಲ್ಲಿ ಯಾರೋ ಕಿವಿ ಮುಚ್ಚಿಕೊಂಡರು. ಹಿಂದೆ ನಿಂತಿದ್ದವರು ಕಿಸಕ್ಕೆಂದರು. ಮಾಸ್ಟರ್ ಹಾಡುತ್ತಲೇ ಒಂದು ಬೆರಳನ್ನು ಕೆಳಗೆ ತೋರಿಸಿದ, ಸೌಂಡಪ್ಪ ಗುಂಡಿ ಇಳಿಸಿದ. ಹಾಡು ಮುಗಿದ ಮೇಲೆ ಮಾಸ್ಟರ್ ಮೈಕಿನಲ್ಲಿ, "ಕ್ಷಮಿಸಿ, ನಮ್ಮ ಮನೆಯವರೇ ಕೂರಿಸಿದ ಅಗ್ಗದ ಸಾಮಾನು ಅದು," ಎಂದ. ಇಡೀ ಹಾಲ್ ನಕ್ಕಿತು. ಆ ನಗುವಿನಲ್ಲಿ ಸುಟ್ಟುಹೋದವಳು ನಾನು. ನನ್ನ ಬೆಸುಗೆ ಬಿಟ್ಟಿತೇ, ಬಿಲ್ಲೆ ಕಿತ್ತು ಬಂತೇ, ತಂಗಿಯ ಮಾನವನ್ನು ನನ್ನ ಕೈಯಾರೆ ಬೀದಿಗೆ ಹಾಕಿದೆನೇ ಎಂದು ಹಲ್ಲು ಕಡಿಯುತ್ತಾ ಮಧ್ಯಂತರ ಬರುವವರೆಗೆ ಕೂತೆ.

ವೇದಿಕೆಯ ಹಿಂದೆ ಕುರ್ಚಿಗಳನ್ನು ಪೇರಿಸಿಟ್ಟಿದ್ದ ಸಣ್ಣ ಕೋಣೆಯಲ್ಲಿ ಗುಬ್ಬಿ ಒಬ್ಬಳೇ ಕೂತಿದ್ದಳು. ಉಳಿದವರೆಲ್ಲ ಹೊರಗೆ ಸಿಗರೇಟಿಗೆ ಹೋಗಿದ್ದರು. ನಾನು ಅವಳ ಮುಖವನ್ನೂ ನೋಡದೆ ಯುಕುಲೆಲೆ ಕಿತ್ತುಕೊಂಡೆ. ಮೊಬೈಲಿನ ಬೆಳಕು ಬಿಟ್ಟು ಒಳಗೆ ಇಣುಕಿದೆ. ಬಿಲ್ಲೆ ಅಂಟಿಕೊಂಡ ಜಾಗದಲ್ಲೇ ಇತ್ತು. ಬೆಸುಗೆ ಬಿಟ್ಟಿರಲಿಲ್ಲ. ಜ್ಯಾಕು ಅಲ್ಲಾಡಲಿಲ್ಲ. ಎಲ್ಲವೂ ಸರಿಯಾಗಿತ್ತು.

"ಮತ್ತೆ ಏನಾಯ್ತು ಈ ಹಾಳಾದ್ದಕ್ಕೆ? ಅಂಗಡೀಲಿ ಅಷ್ಟು ಚೆನ್ನಾಗಿ ಬಂತಲ್ಲ!"

"ಅದಕ್ಕೇನೂ ಆಗಿಲ್ಲ," ಎಂದಳು ಗುಬ್ಬಿ.

ವಾದ್ಯವನ್ನು ನನ್ನ ಕೈಯಿಂದ ತೆಗೆದುಕೊಂಡು, ವೇದಿಕೆಯಲ್ಲಿ ಹಿಡಿಯುವ ಹಾಗೆ ಹಿಡಿದು ತೋರಿಸಿದಳು. ಬಲಗೈಯ ಅಂಗೈ ನಾಲ್ಕೂ ತಂತಿಗಳ ಮೇಲೆ ಚಪ್ಪಟೆಯಾಗಿ ಒರಗಿತ್ತು. ಬೆರಳುಗಳು ಆಡುತ್ತಿದ್ದವು. ದೂರದಿಂದ ನೋಡಿದವರಿಗೆ ನುಡಿಸಿದ ಹಾಗೇ ಕಾಣಬೇಕು. ತಂತಿ ಅದುರುವುದಿಲ್ಲ. ಅಂಗೈ ಬಡಿದದ್ದಷ್ಟೇ ಮರಕ್ಕೆ ಹೋಗುತ್ತದೆ. ಟಪ್ ಟಪ್.

ನಾನು ಅವಳ ಅಂಗೈಯನ್ನು ತಂತಿಯ ಮೇಲಿಂದ ಎತ್ತಿ ಹಿಡಿದೆ.

"ಯಾವಾಗಿಂದ?"

"ಮೊದಲನೇ ಪ್ರೋಗ್ರಾಮಿಂದ. ಅವತ್ತು ಒಂದು ಕಡೆ ತಪ್ಪು ನುಡಿಸಿದೆ. ಅವರು ತಿರುಗಿ ನೋಡಿದ್ರು. ಆಮೇಲೆ ಮನೇಲಿ, ನೀನು ಚೆನ್ನಾಗಿ ಕಲಿಯೋವರೆಗೂ ತಂತಿ ಮೇಲೆ ಕೈ ಇಟ್ಕೊಂಡಿರು, ನೋಡೋಕೆ ಚೆನ್ನಾಗಿರುತ್ತೆ, ಅಂದ್ರು. ಇಟ್ಕೊಂಡೆ. ಕಲಿತೆ. ಕಲಿತ್ಯಾ ಅಂತ ಅವರು ಕೇಳ್ಲಿಲ್ಲ. ಇವತ್ತೂ ಬರೋವಾಗ ಹೇಳಿದ್ರು, ನಿಮ್ಮಕ್ಕನ ಸಮಾಧಾನಕ್ಕೆ ಕೇಬಲ್ ಹಾಕ್ಕೋ, ಕೈ ಮಾತ್ರ ತೆಗೀಬೇಡ ಅಂತ."

ನೋಡಿ, ನಾನು ಸಾಕಷ್ಟು ಸಿಟ್ಟು ಕಂಡವಳು. ಆದರೆ ಅವತ್ತಿನದ್ದು ಬೇರೆಯೇ. ಕೇಳಿಸುವುದಿಲ್ಲ, ಅದಕ್ಕೇ ಬೇಡ ಎಂದು ಹೇಳಿದವನೇ ಕೇಳಿಸದ ಹಾಗೆ ಮಾಡಿದವನು. ಇಷ್ಟು ವರ್ಷ ನನ್ನ ತಂಗಿ ಪ್ರತಿ ಕಾರ್ಯಕ್ರಮಕ್ಕೂ ಸೀರೆ ಇಸ್ತ್ರಿ ಮಾಡಿಕೊಂಡು, ಶ್ರುತಿ ಕೂಡಿಸಿಕೊಂಡು, ಜನರ ಮುಂದೆ ನಿಂತು, ತನ್ನ ವಾದ್ಯದ ಬಾಯಿಯನ್ನು ತಾನೇ ಮುಚ್ಚಿದ್ದಳು. ಅವನನ್ನು ಹುಡುಕಲು ನಾನು ಬಾಗಿಲ ಕಡೆ ನುಗ್ಗಿದೆ.

"ಅವನಿಗೆ ಇವತ್ತು ಗ್ರಹಚಾರ ಬಿಡಿಸ್ತೀನಿ. ಎಲ್ಲರ ಮುಂದೆ ಕೇಳ್ತೀನಿ. ಮೈಕಲ್ಲೇ ಕೇಳ್ತೀನಿ. ಕೈ ಇಡು ಅಂದನಂತೆ ಕೈ! ಆ ಕೈ ಮುರಿದು..."

"ಸಾಕು ಮಾಡಕ್ಕಾ!"

ಗುಬ್ಬಿ ಕಿರುಚಿದ್ದು. ಹುಟ್ಟಿದಾಗ ಅತ್ತದ್ದು ಬಿಟ್ಟರೆ ಅವಳ ಗಂಟಲು ಅಷ್ಟು ದೊಡ್ಡದಾಗಿ ತೆರೆದದ್ದನ್ನು ನಾನು ಕೇಳಿರಲಿಲ್ಲ.

"ಅವರು ಕೈ ಇಡು ಅಂದ್ರು. ನೀನು ತೂತು ಕೊರೆದೆ. ಇಬ್ಬರಲ್ಲಿ ಒಬ್ಬರಾದ್ರೂ ನನ್ನನ್ನ ಕೇಳಿದ್ರಾ? ಅಂಗಡೀಲಿ ಹೇಳೋಕೆ ಬಂದೆ, ಒಂದು ಸಲ ಬಾಯಿ ತೆಗೆಯೋಕೆ ಬಿಟ್ಯಾ? ಸುಮ್ನಿರು, ಹಿಡ್ಕೋ, ಮಾತಾಡ್ಬೇಡ. ಅವರು ಮೆತ್ತಗೆ ಹೇಳ್ತಾರೆ, ನೀನು ಜೋರಾಗಿ ಹೇಳ್ತೀಯ. ನನಗೆ ಎರಡೂ ಒಂದೇ."

ನಾನು ಬಾಗಿಲು ಬಿಟ್ಟು ಹಿಂದಕ್ಕೆ ಬಂದೆ.

"ನಂಗೆ ತಂಡ ಬೇಕು," ಎಂದಳು ಅವಳು, ಈಗ ಮೆಲ್ಲಗೆ. ಕಣ್ಣು ಒರೆಸಿಕೊಳ್ಳಲಿಲ್ಲ. "ಎಲ್ಲರೂ ಒಟ್ಟಿಗೆ ಶುರು ಮಾಡ್ತಾರಲ್ಲ, ಆ ಗಳಿಗೇಲಿ ನಂದೂ ಒಂದು ಇರ್ಬೇಕು ಅಂತ ಆಸೆ. ಅದು ನಿನ್ನ ಹಟಕ್ಕಲ್ಲ. ಅವರು ಕೊಡೋ ದಾನಕ್ಕೂ ಅಲ್ಲ. ನೀನು ಹೋಗಿ ಕೂತ್ಕೋ. ಅಕ್ಕಾ, ದಮ್ಮಯ್ಯ ಅಂತೀನಿ, ಬಾಯಿ ಮುಚ್ಕೊಂಡು ಕೂತ್ಕೋ."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅವರ ಏಳು ತಲೆಮಾರು ನೆನಪಿಡುವ ಹಾಗೆ ಮಾಡುತ್ತಿದ್ದೆ. ನಾನು ಹೋಗಿ ಕೂತೆ. ಕೂತೆ ಎಂದರೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಒಳಗೆ ಕುದಿಯುವುದೇನೂ ನಿಂತಿರಲಿಲ್ಲ. ಮಾಸ್ಟರ್ ಮೇಲೆ ಸಿಟ್ಟು, ಅವಳ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು, ಆ ನಕ್ಕ ಜನರ ಮೇಲಂತೂ ಹೇಳಬೇಕಾಗಿಯೇ ಇಲ್ಲ.

ತಂಡ ಮತ್ತೆ ವೇದಿಕೆಗೆ ಬಂತು. ಗುಬ್ಬಿ ಬಗ್ಗಿ ಕೇಬಲ್ ಚುಚ್ಚಿಕೊಂಡಳು. ಸೌಂಡಪ್ಪ ನನ್ನ ಮುಖ ನೋಡಿದ. "ದೊಡ್ಡಕ್ಕಾ, ಇದನ್ನ ಏನ್ ಮಾಡ್ಲಿ?"

"ನನ್ನನ್ನ ಕೇಳ್ಬೇಡ," ಎಂದೆ. ಆ ನಾಲ್ಕು ಮಾತು ಆಡಲು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. "ಅವಳನ್ನ ಕೇಳು."

ಅವನು ದೂರದಿಂದಲೇ ಕೈ ಆಡಿಸಿ ಕೇಳಿದ. ಗುಬ್ಬಿ ಹೆಬ್ಬೆರಳನ್ನು ಮೇಲಕ್ಕೆ ತೋರಿಸಿದಳು. ಅವನು ಏರಿಸಿದ. ಅವಳು ಮತ್ತೆ ಮೇಲಕ್ಕೆ ತೋರಿಸಿದಳು. ಇನ್ನೂ ಏರಿಸಿದ.

ಮಾಸ್ಟರ್ ಚಕಚಕ ಎಣಿಸಿದ. ಎಲ್ಲರೂ ಒಟ್ಟಿಗೆ ಶುರು ಮಾಡಿದರು, ಆ ಒಟ್ಟಿನಲ್ಲಿ ಯುಕುಲೆಲೆ ಇತ್ತು. ಗಿಟಾರಿನ ಮೇಲೆ, ಕೀಬೋರ್ಡಿನ ಮೇಲೆ, ತೆಳ್ಳಗೆ, ಸ್ಪಷ್ಟವಾಗಿ. ಕೀಬೋರ್ಡಿನವನು ಬೆಚ್ಚಿ ತಿರುಗಿ ನೋಡಿದ. ಮುಂದಿನ ಸಾಲಿನಲ್ಲಿ ತಲೆಗಳು ಒಂದೊಂದಾಗಿ ಮೂಲೆಯ ಕಡೆ ತಿರುಗಿದವು.

ಹಾಡಿನ ಎರಡನೇ ಸಾಲು ತಿರುಗುವಲ್ಲಿ ಅವಳು ತಪ್ಪಿದಳು. ಸಣ್ಣ ತಪ್ಪಲ್ಲ. ಹಾಡು ಒಂದು ಕಡೆ ಹೋಯಿತು, ಇವಳ ಸ್ವರ ಇನ್ನೊಂದು ಕಡೆ ಹೋಯಿತು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಎಷ್ಟು ನುಡಿಸಿದರೇನು, ನಾಲ್ಕು ಜನರ ಜೊತೆ ಸೇರಿ ನುಡಿಸುವುದೇ ಬೇರೆ, ಆ ಮೊದಲನೇ ಪ್ರೋಗ್ರಾಮು ಬಿಟ್ಟರೆ ಅದಕ್ಕೆ ಅವಳಿಗೆ ಒಂದು ದಿನವೂ ಅವಕಾಶ ಸಿಕ್ಕಿರಲಿಲ್ಲ. ನನ್ನ ತಂಗಿಯ ತಪ್ಪು ಹಾಲ್ ತುಂಬ, ಬಾಗಿಲ ಹೊರಗೆ ನಿಂತವರಿಗೂ ಕೇಳಿಸಿತು. ಮತ್ತೆ ಕಿಸಕ್ ಎಂದರು. ನನ್ನ ಕೈಗಳು ತೊಡೆಯ ಕೆಳಗಿಂದ ಹೊರಗೆ ಬಂದಿದ್ದವು.

ಮಾಸ್ಟರ್ ತಿರುಗಿ ನೋಡಿದ. ಹಾಡು ನಿಲ್ಲಿಸದೆ, ತನ್ನ ಗಿಟಾರಿನ ತಂತಿಗಳ ಮೇಲೆ ಅಂಗೈಯನ್ನು ಗಾಳಿಯಲ್ಲೇ ಎರಡು ಸಲ ತಟ್ಟಿ ತೋರಿಸಿದ. ಮುಚ್ಚು ಎಂದು.

ಗುಬ್ಬಿ ನುಡಿಸುವುದನ್ನು ನಿಲ್ಲಿಸಿದಳು. ಮೂಲೆ ಬಿಟ್ಟು, ಕೇಬಲ್ ಎಳೆದುಕೊಂಡು, ವೇದಿಕೆಯ ನಡುವೆ ಬಂದು ಅವನ ಮೈಕಿನ ಮುಂದೆ ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಕೊನೆಗೆ ಡ್ರಮ್ಮೂ ನಿಂತಿತು.

"ತಪ್ಪು ನಂದು," ಎಂದಳು. ಅಷ್ಟು ಸಣ್ಣ ದನಿ, ಹಾಲ್ ಪೂರ್ತಿ ಕೇಳಿತು. "ಮೊದಲಿಂದ ನುಡಿಸ್ತೀವಿ."

"ಏನ್ ಮಾಡ್ತಿದ್ದೀಯ?" ಮಾಸ್ಟರ್ ಹಲ್ಲಿನ ಸಂದಿಯಲ್ಲಿ ಹೇಳಿದ. "ಮಾನ ಕಳೀಬೇಡ. ಹೋಗಿ ನಿಂತ್ಕೋ. ಕೈ ಇಡು ತಂತಿ ಮೇಲೆ." ಮೈಕು ಅವನ ಗದ್ದದ ಹತ್ತಿರವೇ ಇತ್ತು. ಅದೂ ಎಲ್ಲರಿಗೂ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ.

"ಇಡಲ್ಲ," ಎಂದಳು ಗುಬ್ಬಿ. "ಎಣಿಸ್ರೀ."

ಅವನು ಹಾಲ್ ನೋಡಿದ. ಇಡೀ ಹಾಲ್ ಅವನನ್ನು ನೋಡುತ್ತಿತ್ತು. ಡ್ರಮ್ಮಿನವನು ಕೋಲುಗಳನ್ನು ಎತ್ತಿ ಹಿಡಿದು ಕಾಯುತ್ತಿದ್ದ, ಮಾಸ್ಟರನ ಕಡೆ ಅಲ್ಲ, ಅವಳ ಕಡೆ ನೋಡಿಕೊಂಡು. ಮಾಸ್ಟರನ ಮುಖದ ಬೆಣ್ಣೆಯೆಲ್ಲ ಕರಗಿಹೋಗಿತ್ತು. ಬಾಯಿ ತೆರೆದು ಎಂದಿನ ಹಾಗೆ ಚಕಚಕ ಎಣಿಸಲು ಶುರು ಮಾಡಿದ.

"ಇನ್ನೂ ನಿಧಾನ," ಎಂದಳು ನನ್ನ ತಂಗಿ.

ಅವನು ನಿಧಾನವಾಗಿ ಎಣಿಸಿದ.